ನನಗಿಂತ ಮೊದಲು ಹೊರಟ ಗಂಟು

ಪರದೇಶ ಸುತ್ತಿ ಬಂದವರ ಕಷ್ಟ ಏನೋ ನನಗೆ ತಿಳಿಯದು, ಆದರೆ ಅವರ ಪಕ್ಕದ ಬೆಂಚಿನಲ್ಲಿ ಕೂತವರ ಕಷ್ಟ ಚೆನ್ನಾಗಿ ಗೊತ್ತು. ನಮ್ಮ ಮಧುಗಿರಿಯ ವಾಚನಾಲಯಕ್ಕೆ ದಿನಾ ಸಂಜೆ ಒಬ್ಬ ವಕೀಲರು ಬರುತ್ತಾರೆ. ಪ್ರಾಯದಲ್ಲಿ ಒಂದು ಸಲ ಬಿಲಾಯಿತಿಗೆ ಹೋಗಿದ್ದವರು. ಹೋಗಿದ್ದು ಒಂದೇ ಸಲ. ಹೋಗಿ ಬಂದದ್ದು ಮಾತ್ರ ಇವತ್ತಿನವರೆಗೂ ಮುಗಿದಿಲ್ಲ. ನಾನು ಪತ್ರಿಕೆಯ ಮೊದಲ ಪುಟ ಮಗುಚುವುದರೊಳಗೆ, "ಅಲ್ಲಿನ ಹಸು ನೋಡಬೇಕು ಮೇಷ್ಟ್ರೆ, ನಮ್ಮ ಹಸುವಿನ ಹಾಗೆ ದಾರಿಗೆ ಅಡ್ಡ ನಿಲ್ಲೋದಿಲ್ಲ" ಎಂದು ಶುರು ಮಾಡುತ್ತಾರೆ. ಆಮೇಲೆ ಅಲ್ಲಿನ ಹುಲ್ಲು, ಅಲ್ಲಿನ ಮಂಜು, ಅಲ್ಲಿನ ಜನ ಮಾತಿಲ್ಲದೆ ಗಂಭೀರವಾಗಿರುವ ರೀತಿ. ಆ ಮೌನದ ವಿಷಯವನ್ನೇ ಒಂದು ಗಂಟೆ ಮಾತಾಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಮನಸ್ಸಿನಲ್ಲಿ ಮಾತ್ರ, ಸ್ವಾಮೀ, ನಾನೂ ಪರದೇಶಕ್ಕೆ ಹೋಗಿ ಬಂದವನೇ, ಅಲ್ಲಿನ ಬೆಟ್ಟಗುಡ್ಡ, ಕಾಡುಮೃಗ, ಜನ ಎಲ್ಲ ಕಂಡವನೇ, ಒಂದೇ ಒಂದು ಸಲ ನನಗೂ ಬಾಯಿ ತೆರೆಯಲು ಅವಕಾಶ ಕೊಡಿ ಎನ್ನುತ್ತಿರುತ್ತೇನೆ. ಅವರು ಕೊಡುವುದಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ನಾನು ಹಡಗು ಹತ್ತಲಿಲ್ಲ ಎಂಬುದು ನಿಜ. ಹತ್ತುವ ಅಗತ್ಯವೇ ಬೀಳಲಿಲ್ಲ. ಪಾವಗಡ ನಮ್ಮ ಮಹಾರಾಜರ ಸೀಮೆಗೇ ಸೇರಿದ್ದು. ಆದರೆ ಹಂಚುವವರು ಯಾವ ಆತುರದಲ್ಲಿದ್ದರೋ, ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ ಅದು ದೂರ ಬಿದ್ದಿದೆ. ಮಧುಗಿರಿಯಿಂದ ಹೊರಟು ಮಿಡಿಗೇಶಿ ದಾಟಿದರೆ ಸೀಮೆಕಲ್ಲು. ಕಲ್ಲಿನ ಆಚೆ ಇಂಗ್ಲಿಷರ ರಾಜ್ಯ. ನಮ್ಮ ಹಳ್ಳಿಯವರು ಇನ್ನೂ ಕುಂಪಣಿ ಸೀಮೆ ಅಂತಲೇ ಅನ್ನುತ್ತಾರೆ. ಅಲ್ಲಿ ಬೇರೆ ಕಾನೂನು, ಬೇರೆ ಪೊಲೀಸು, ಬೇರೆ ಭಾಷೆ. ಅದನ್ನು ಹಾದು ಮುಗಿಸಿದ ಮೇಲೆ ಮತ್ತೆ ನಮ್ಮ ಮಹಾರಾಜರ ಪಾವಗಡ. ಕಲ್ಲಿನ ಈಚೆಗೊಬ್ಬ ದೊರೆ ಆಚೆಗೊಬ್ಬ ದೊರೆ ಇದ್ದ ಮೇಲೆ ಅದು ಪರದೇಶವಲ್ಲದೆ ಮತ್ತೇನು? ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವನಾಗಿ ಈ ಮಾತನ್ನು ನಾನು ಜವಾಬ್ದಾರಿಯಿಂದಲೇ ಹೇಳುತ್ತಿದ್ದೇನೆ.

ನಾನು ಹೋದದ್ದು ಅಲ್ಲಿನ ಹಸು ನೋಡುವುದಕ್ಕಲ್ಲ, ನನ್ನ ತಂಗಿ ನಾಗುವನ್ನು ಕರೆತರುವುದಕ್ಕೆ. ನಾಗುವನ್ನು ಪಾವಗಡಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಆ ಮನೆಯಲ್ಲಿ ಅತ್ತೆಯೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಗಂಡಸರು. ಹುಡುಗಿಗೆ ಹೆರಿಗೆಯ ಹೊತ್ತಿಗೆ ಅವ್ವ ಪಕ್ಕದಲ್ಲಿರಬೇಕು ಅಂತ ಆಸೆ. ಎಲೆ ಮಾರುವವನ ಬಾಯಲ್ಲಿ ಹೇಳಿ ಕಳಿಸಿದ್ದಳು: "ಅಣ್ಣ ಬರದಿದ್ರೆ ನಾನು ಅಳೋದಿಲ್ಲ ಅನ್ನು. ಆದ್ರೆ ಮುಂದೆ ಯಾವತ್ತೂ ಅವನ ಜೊತೆ ಮಾತಾಡೋದಿಲ್ಲ ಅಂತಲೂ ಅನ್ನು." ಬೀಗಿತಿ ಪಾರ್ವತಮ್ಮನವರು ಕೆಟ್ಟವರಲ್ಲ, ಆದರೆ ಕಟ್ಟುನಿಟ್ಟು. ಎಂಟನೇ ತಿಂಗಳಲ್ಲಿ ಬಸುರಿಯನ್ನು ಹೊಸಿಲು ದಾಟಿಸಬಾರದು. ಏಳು ತುಂಬುವುದು ಶನಿವಾರ. ಶನಿವಾರ ಹೊತ್ತು ಮುಳುಗುವುದರೊಳಗೆ ತೌರಿನವರು ಬಂದು ಮಡಿಲು ತುಂಬಿ ಹೊರಡಿಸಿದರೆ ಸರಿ, ಇಲ್ಲವೋ ಬಾಣಂತನ ಪಾವಗಡದಲ್ಲೇ ಎಂದು ಅವರೂ ಹೇಳಿ ಕಳಿಸಿದ್ದರು. ಅಪ್ಪ ಇಲ್ಲದ ಮನೆ, ನನಗಿನ್ನೂ ಮದುವೆಯಾಗಿರಲಿಲ್ಲ, ಹೋಗಬೇಕಾದವನು ನಾನೊಬ್ಬನೇ.

ಬುಧವಾರ ಹೊರಟರೆ ಆರಾಮವಾಗಿ ಮುಟ್ಟಬಹುದಿತ್ತು. ಹೆಡ್‌ಮಾಸ್ತರು ರಜ ಕೊಡಲಿಲ್ಲ. ಗುರುವಾರ ಮತ್ತು ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಶಾಲೆ ನೋಡಲು ಬರುವವರಿದ್ದರು. "ನಿಮ್ಮ ತಂಗಿಯ ಹೆರಿಗೆ ಹೇಗಾದರೂ ಆಗುತ್ತೆ ಕಣ್ರೀ, ನಮ್ಮ ತನಿಖೆ ಹಾಗೆ ಆಗೋದಿಲ್ಲ" ಅಂದರು. ಶುಕ್ರವಾರ ಮಧ್ಯಾಹ್ನ ಗಾಡಿ ಕಟ್ಟಿದರೂ ಶನಿವಾರ ಸಂಜೆಯೊಳಗೆ ಸೇರಬಹುದೆಂದು ನಾನು ಲೆಕ್ಕ ಹಾಕಿಕೊಂಡೆ. ಆದರೆ ಅವ್ವ ಮಠದ ಅಯ್ನೋರನ್ನು ಕೇಳಿ ಬಂದಿದ್ದಳು. ಅವರ ಪಂಚಾಂಗದ ಪ್ರಕಾರ ತಂಗಿಯನ್ನು ತರಲು ಹೊರಡುವುದಕ್ಕೆ ಬುಧವಾರವೇ ಶ್ರೇಷ್ಠ, ಶುಕ್ರವಾರ ಬೇಡವೇ ಬೇಡ. ಬಸುರಿ ಹೆಂಗಸಿನ ಕೆಲಸ, ಹೊತ್ತು ಕೆಟ್ಟರೆ ಅವ್ವ ಊಟ ಬಿಡುತ್ತಾಳೆ. ಹಾಗಾದರೆ ಏನು ಮಾಡುವುದು? "ಪರಸ್ಥಾನ ಇಡೋಣ" ಅಂದಳು.

ಈಗಿನ ಹುಡುಗರಿಗೆ ಪರಸ್ಥಾನ ಗೊತ್ತಿರಲಾರದು. ಒಳ್ಳೆಯ ಹೊತ್ತು ಒಂದು ದಿನ, ನಮಗೆ ಪುರುಸೊತ್ತು ಇನ್ನೊಂದು ದಿನ ಆದರೆ, ಒಳ್ಳೆಯ ಹೊತ್ತಿನಲ್ಲಿ ನಮ್ಮ ಗಂಟನ್ನು ಮಾತ್ರ ಹೊರಡಿಸಿಬಿಡುವುದು. ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬಂದರಾಯಿತು, ನಾವು ಹೊರಟ ಹಾಗೇ. ಆಮೇಲೆ ಪುರುಸೊತ್ತಾದಾಗ ಹೋಗಿ ಗಂಟನ್ನು ಸೇರಿಕೊಳ್ಳಬಹುದು. ಎರಡೇ ನಿಯಮ. ಗಂಟು ವಾಪಸು ಮನೆಗೆ ಬರಕೂಡದು. ಗಂಟಿನಲ್ಲಿ ಹೋಗುವವನ ಮೈಗೆ ಹತ್ತಿದ ಬಟ್ಟೆ ಇರಬೇಕು. ನನಗೆ ಇದ್ದದ್ದು ಒಂದೇ ಕೋಟು, ಒಂದೇ ಪೇಟ, ಪೇಟವೂ ಅಪ್ಪನದು. "ನಾಳೆ ಇನ್‌ಸ್ಪೆಕ್ಟರು ಬರ್ತಾರವ್ವ" ಅಂದೆ. "ಅವರು ಕೋಟು ಹಾಕ್ಕೊಂಡು ಬರ್ತಾರಲ್ಲ, ಸಾಕು" ಅಂದಳು. ಜಮಖಾನದಲ್ಲಿ ನಾಗುವಿಗೆ ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಕೊಬ್ಬರಿ, ಅವಳು ಬಯಸಿದ ಹುಣಿಸೆ ಚಿಗಳಿ, ತಂಬಿಟ್ಟು ಎಲ್ಲ ಕಟ್ಟಿ, ಮೇಲೆ ಮಡಿಸಿದ ಕೋಟು, ಅದರ ಮೇಲೆ ಪೇಟ ಇಟ್ಟು, ಬುಧವಾರ ಬೆಳಿಗ್ಗೆ ಒಯ್ದು ನಮ್ಮ ಬೀದಿಯ ಉತ್ತರದ ತುದಿಯಲ್ಲಿದ್ದ ಗಾಡಿ ಇಮಾಂ ಸಾಬಿಯ ಮನೆಯಲ್ಲಿ ಇಟ್ಟು ಬಂದಳು. ಇಮಾಂ ಸಾಬಿ ಬಾಡಿಗೆಗೆ ಹೋಗಿದ್ದ. ಅವನ ಹೆಂಡತಿ ಜೈನಬಿ, "ಮೇಷ್ಟ್ರ ಗಂಟಲ್ವಾ, ಇರ್ಲಿ ಕಣಮ್ಮ" ಎಂದು ಒಳಗಿಟ್ಟುಕೊಂಡಳು. ಶುಕ್ರವಾರ ಹೇಗೂ ಅವನ ಗಾಡಿಯಲ್ಲೇ ಹೊರಡುವ ಯೋಚನೆ. ಎಲ್ಲ ಸರಿಯಾಗೇ ಇತ್ತು.

ಹೊರಟಾದ ಮೇಲೂ ಮನೆಯಲ್ಲೇ ಇರುವವನ ಸ್ಥಿತಿ ವಿಚಿತ್ರವಾದದ್ದು. ಅವ್ವ ನನ್ನನ್ನು ಹೊರಟವನ ಹಾಗೇ ನಡೆಸಿಕೊಂಡಳು. ನನ್ನ ತಟ್ಟೆ ತೊಳೆದು ಮೇಲಿಟ್ಟಿದ್ದಳು. ಹಿತ್ತಲ ಜಗಲಿಯಲ್ಲಿ ಎಲೆ ಹಾಕಿ, ಪರ ಊರಿನ ನೆಂಟರಿಗೆ ಬಡಿಸುವಂತೆ ಬಡಿಸಿದಳು. ನಾನು ಮನೆಯ ಮಗನಾಗಿದ್ದಾಗ ಬೀಳದಿದ್ದ ತುಪ್ಪ, ಹೊರಟವನಾದ ಮೇಲೆ ಎರಡು ಸಲ ಬಿತ್ತು. ಬಾವಿಯಿಂದ ನೀರು ಸೇದು ಅನ್ನಲಿಲ್ಲ, ಸೌದೆ ಸೀಳು ಅನ್ನಲಿಲ್ಲ. ಪ್ರಯಾಣ ಇಷ್ಟು ಸುಖವಾಗಿರುತ್ತೆ ಎಂದು ಗೊತ್ತಿದ್ದರೆ ವರ್ಷಕ್ಕೆ ನಾಲ್ಕು ಸಲ ಹೊರಡುತ್ತಿದ್ದೆ. ಗುರುವಾರ ಬೆಳಿಗ್ಗೆ ಹೀಗೆ ಎಲೆಯ ಮುಂದೆ ಕೂತು ಹಿತವಾಗಿ ಉಣ್ಣುತ್ತಿದ್ದಾಗ ಬೀದಿ ಬಾಗಿಲಲ್ಲಿ ಇಮಾಂ ಸಾಬಿಯ ದನಿ ಕೇಳಿಸಿತು.

"ಅಮ್ಮಾ, ಮೇಷ್ಟ್ರು ಅವ್ರಾ?"

ಪರಸ್ಥಾನ ಇಟ್ಟವನನ್ನು ಮನೆಯಲ್ಲಿದ್ದಾನೆ ಎಂದು ಬಾಯಿಬಿಟ್ಟು ಹೇಳಿದರೆ ಇಟ್ಟದ್ದೆಲ್ಲ ಹಾಳು. ಅವ್ವ ಒಂದು ಕ್ಷಣವೂ ತಡವರಿಸದೆ, "ಇಲ್ಲಪ್ಪ, ಅವನು ಬುಧವಾರವೇ ಹೊರಟ" ಅಂದಳು. ನಾನು ಅನ್ನದ ತುತ್ತು ಕೈಯಲ್ಲಿ ಹಿಡಿದು ಬಾಯಿ ತೆರೆದೆ. ಅವ್ವ ಒಳಗೆ ತಿರುಗಿ ಸೌಟು ತೋರಿಸಿದಳು. ಆ ಸೌಟಿನ ಅರ್ಥ ನನಗೆ ಬಾಲ್ಯದಿಂದ ಗೊತ್ತು. ಗಾಡಿಯ ಕೀಲಿಗೆ ಹರಳೆಣ್ಣೆ ಕೇಳಲು ಬಂದಿರುತ್ತಾನೆ, ಸಂಜೆ ನಾನೇ ಹೋಗಿ ಮಾತಾಡಿದರಾಯಿತು ಎಂದುಕೊಂಡು ತೆರೆದ ಬಾಯಿಗೆ ತುತ್ತು ಹಾಕಿದೆ. "ಬುಧವಾರವೇ?" ಎಂದು ಇಮಾಂ ಸಾಬಿ ಕೇಳಿದ್ದು, ಅವ್ವ "ಬುಧವಾರವೇ" ಅಂದದ್ದು, ಅವನು "ಯಾ ಅಲ್ಲಾ" ಎನ್ನುತ್ತ ದಡದಡನೆ ಹೋದದ್ದು ಎಲ್ಲ ಕೇಳಿಸಿತು. ಮಜ್ಜಿಗೆ ಬಿಡು ಅಂದೆ.

ಆ ದಿನ ಇನ್‌ಸ್ಪೆಕ್ಟರ ಮುಂದೆ ನಾನು ಡ್ರಿಲ್ ಮಾಸ್ತರರ ಕೋಟಿನಲ್ಲಿ ನಿಂತಿದ್ದೆ. ಡ್ರಿಲ್ ಮಾಸ್ತರು ಒಂದೂವರೆ ಆಳು ಎತ್ತರ. ತೋಳು ನನ್ನ ಬೆರಳನ್ನೂ ದಾಟಿ ಇಳಿದಿತ್ತು. ನಕ್ಷೆಯಲ್ಲಿ ಗೋದಾವರಿ ತೋರಿಸಿ ಅಂದರು. ತೋರಿಸಿದೆ, ತೋಳಿನ ತುದಿ ಮಾತ್ರ ಕಂಡಿತು. ಅದು ಯಾವ ನದಿಯ ಮೇಲಿತ್ತೋ ನನಗೂ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ. ಒಳ್ಳೆಯ ಮನುಷ್ಯ, ಸರಿ ಅಂದರು. ಗೆದ್ದೆ ಎಂದುಕೊಂಡು ಸಂಜೆ ನೇರವಾಗಿ ಇಮಾಂ ಸಾಬಿಯ ಮನೆಗೆ ಹೋದೆ. ಜೈನಬಿ ನನ್ನನ್ನು ನೋಡಿ ಕದದ ಹಿಂದಕ್ಕೆ ಸರಿದಳು, ಸತ್ತವನನ್ನು ಕಂಡವಳ ಹಾಗೆ.

"ನೀವು ಇಲ್ಲೇ ಇದ್ದೀರಾ ಮೇಷ್ಟ್ರೆ? ಬೆಲ್ಲ ತುಂಬ್ಕೊಂಡು ಪಾವಗಡಕ್ಕೆ ಬಾಡಿಗೆ ಬಂತು, ನಾಳೆ ಅನ್ನೋದು ಇವತ್ತೇ ಹೊಂಡ್ಬೇಕಾಯ್ತು, ನಿಮ್ಗೆ ಹೇಳಿ ಜೊತೆಗೆ ಕರ್ಕೊಂಡು ಹೋಗಾಣ ಅಂತ ನಮ್ಮೋರು ನಿಮ್ಮನೆಗೆ ಬಂದಿದ್ರು. ಮೇಷ್ಟ್ರು ನಿನ್ನೇನೇ ನಡ್ಕೊಂಡು ಹೊಂಟೋಗವ್ರೆ, ಪಾಪ, ಗಂಟು ಮರ್ತ್‌ಬುಟ್ಟವ್ರೆ, ಜಲ್ದಿ ಹೋಗಿ ದಾರೀಲೇ ಹಿಡೀತೀನಿ ಅಂತ ನಿಮ್ಮ ಗಂಟು ಏರಿಸ್ಕೊಂಡು ಎತ್ತು ಓಡಿಸ್ಕೊಂಡು ಹೋದ್ರು."

ನೋಡಿ, ಹೀಗಾಯಿತು. ನನ್ನನ್ನು ಹಿಡಿಯಲು ನನ್ನ ಗಂಟು ಮುಂದೆ ಓಡುತ್ತಿತ್ತು. ಗಂಟನ್ನು ಹಿಡಿಯಲು ನಾನು ಹಿಂದೆ ಓಡಬೇಕಾಗಿತ್ತು. ಅವ್ವನಿಗೆ ಹೇಳಿದರೆ, "ಅಂದ್ರೆ ಒಳ್ಳೇ ಹೊತ್ತಲ್ಲೇ ಹೊರಟಿತು ಅನ್ನು" ಎಂದು ಸಮಾಧಾನಪಟ್ಟಳು. ಅವಳ ದೃಷ್ಟಿಯಲ್ಲಿ ಕೆಲಸ ಅರ್ಧ ಆಗಿತ್ತು. ನನ್ನ ಲೆಕ್ಕವೇ ಬೇರೆ ಇತ್ತು. ಮಡಿಲು ತುಂಬುವ ಸಾಮಾನಿಲ್ಲ, ಕೋಟಿಲ್ಲ, ತಲೆಗೆ ಪೇಟವಿಲ್ಲ, ಗಾಡಿಯಿಲ್ಲ. ಶನಿವಾರ ಹೊತ್ತು ಮುಳುಗಿದರೆ ತಂಗಿಯೂ ಇಲ್ಲ. ನಾಗು ಬಾಗಿಲ ಕಡೆ ನೋಡುತ್ತ ಕೂತಿರುತ್ತಾಳೆ ಎಂಬುದು ನೆನಪಾದರೆ ಅನ್ನ ಸೇರುತ್ತಿರಲಿಲ್ಲ, ತುಪ್ಪ ಹಾಕಿದ್ದರೂ.

ಶುಕ್ರವಾರ ಮಧ್ಯಾಹ್ನ ಇನ್‌ಸ್ಪೆಕ್ಟರು ಹೋದ ತಕ್ಷಣ ತಲೆಗೆ ಟವಲು ಸುತ್ತಿಕೊಂಡು, ಕೈಯಲ್ಲಿ ಬುತ್ತಿ ಹಿಡಿದು ಹೊರಟೆ. ಮಿಡಿಗೇಶಿವರೆಗೆ ಮಡಿಕೆ ತುಂಬಿದ ಗಾಡಿಯೊಂದರಲ್ಲಿ ಜಾಗ ಸಿಕ್ಕಿತು. ಗಾಡಿಯವನು ಮಡಿಕೆ ಒಡೆದೀತೆಂದು ಹೆಜ್ಜೆಹೆಜ್ಜೆಗೂ ಎತ್ತನ್ನು ಓಲೈಸುತ್ತಿದ್ದ. ಬೇಗ ಹೊಡಿಯಪ್ಪ ಅಂದರೆ, "ಮಡ್ಕೆ ಬೇಗ ಹೋಯ್ತದೆ ಸ್ವಾಮಿ, ಚೂರಾಗಿ ಹೋಯ್ತದೆ" ಅಂದ. ಮಿಡಿಗೇಶಿಯ ಛತ್ರದಲ್ಲಿ ಮಲಗಿ ಎದ್ದು ಶನಿವಾರ ಬೆಳಿಗ್ಗೆ ಸೀಮೆಕಲ್ಲಿನ ಹತ್ತಿರ ಬಂದು ನಿಂತೆ. ಇಲ್ಲಿಂದ ನನ್ನ ವಿದೇಶ ಪ್ರವಾಸ ಆರಂಭ. ಎಷ್ಟೋ ವರ್ಷದಿಂದ ಮಕ್ಕಳಿಗೆ ದೇಶವಿದೇಶ ಹೇಳಿಕೊಟ್ಟವನು, ಒಂದನ್ನೂ ಕಂಡಿರಲಿಲ್ಲ. ಅವಸರದಲ್ಲೂ ಒಂದು ಗಳಿಗೆ ಒಂದು ಕಾಲು ಮೈಸೂರಿನಲ್ಲಿ, ಒಂದು ಕಾಲು ಇಂಗ್ಲಿಷರಲ್ಲಿ ಇಟ್ಟು ನಿಂತುಕೊಂಡೆ. ಎರಡು ಕಡೆಯೂ ಒಂದೇ ಥರ ಮುಳ್ಳು ಚುಚ್ಚಿತು.

ಪರದೇಶ ಹೇಗಿತ್ತು ಎಂದು ಕೇಳಿದರೆ ಸತ್ಯ ಹೇಳುತ್ತೇನೆ: ನಮ್ಮಲ್ಲಿಯ ಹಾಗೇ ಇತ್ತು, ಇನ್ನೂ ಸ್ವಲ್ಪ ಹೆಚ್ಚು ಬಿಸಿಲಿತ್ತು. ಅದೇ ಹುಣಿಸೆಮರ, ಅದೇ ಬಂಡೆ, ಬಂಡೆಯ ಮೇಲೆ ಯಾರೋ ಆಟಕ್ಕೆ ಇಟ್ಟು ಮರೆತುಹೋದ ಹಾಗೆ ಇನ್ನೊಂದು ಬಂಡೆ. ಬಯಲಿನಲ್ಲಿ ಹುಲ್ಲೆಗಳ ಹಿಂಡೊಂದು ಮೇಯುತ್ತಿತ್ತು. ಗಂಡುಹುಲ್ಲೆ ಕಪ್ಪಗೆ, ತಿರುಚಿದ ಕೊಂಬು ಹೊತ್ತು, ತನಿಖೆಗೆ ಬಂದ ಅಧಿಕಾರಿಯಂತೆ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿತು. ಆಮೇಲೆ ಹಿಂಡಿಗೆ ಹಿಂಡೇ ಎಗರಿಕೊಂಡು ಸೀಮೆಕಲ್ಲು ದಾಟಿ ಮೈಸೂರಿನ ಕಡೆ ಹೊರಟುಹೋಯಿತು. ನಾನು ಬಂದೆನೆಂದು ಅವು ದೇಶವನ್ನೇ ಬಿಟ್ಟದ್ದು ನೋಡಿ ಸ್ವಲ್ಪ ಬೇಜಾರಾಯಿತು. ವಕೀಲರು ಬಿಲಾಯಿತಿಯಲ್ಲಿ ಇಳಿದಾಗ ಅಲ್ಲಿನ ಹಸು ಹೀಗೆ ಮಾಡಿರಲಾರದು.

ಮುಂದೆ ದಾರಿಯ ಪಕ್ಕದಲ್ಲಿ ಒಂದು ಗರಿಯ ಚಪ್ಪರ. ಅದರಡಿಯಲ್ಲಿ ಒಬ್ಬ ಮುದುಕಿ ಮಜ್ಜಿಗೆ, ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಕೂತಿದ್ದಳು. ನನಗೆ ತೆಲುಗು ಅಷ್ಟಿಷ್ಟು ಬರುತ್ತೆ. ಮಧುಗಿರಿಯಲ್ಲಿ ಬಾರದವರು ಯಾರು? ಕಮಾನು ಗಾಡಿಯೊಂದು ಹೋಯಿತೇ ಎಂದು ಕೇಳಿದೆ. ಮುದುಕಿಯ ಮುಖ ಅರಳಿತು. ನಿನ್ನೆ ಹೋಯಿತಂತೆ. ಮೈಸೂರಿನಿಂದ ಯಾರೋ ದೊಡ್ಡ ದೊರೆ ಬಂದಿದ್ದರಂತೆ. ಕೋಟು ತೊಟ್ಟು, ಜರಿ ಪೇಟ ಇಟ್ಟು, ಕಮಾನಿನೊಳಗೆ ನೆಟ್ಟಗೆ ಕೂತಿದ್ದರಂತೆ. ದಾರಿಯಲ್ಲಿ ಹೋಗುವವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿದರಂತೆ. "ಶಾನಾ ಪೆದ್ದ ಮನಿಷಿ ನಾಯನಾ, ನೋರೇ ಎತ್ತಲೇದು" ಅಂದಳು. ಬಹಳ ದೊಡ್ಡ ಮನುಷ್ಯ, ಬಾಯೇ ತೆರೆಯಲಿಲ್ಲ ಎಂದು.

ನನಗೆ ಅರ್ಥವಾಗಲು ಎರಡು ಲೋಟ ಮಜ್ಜಿಗೆ ಬೇಕಾಯಿತು. ಇಮಾಂ ಸಾಬಿ ಅಚ್ಚುಕಟ್ಟಿನ ಮನುಷ್ಯ. ಕೋಟು ಸುಕ್ಕಾಗಬಾರದು, ಪೇಟ ಮುದುರಬಾರದು ಎಂದು ಕೋಟನ್ನು ಗಂಟಿಗೇ ತೊಡಿಸಿ, ಗುಂಡಿ ಹಾಕಿ, ಪೇಟವನ್ನು ಗಂಟಿನ ತಲೆಗೆ ಇಟ್ಟು, ಬೆಲ್ಲದ ಮೂಟೆಗೆ ಒರಗಿಸಿ ಕೂರಿಸಿದ್ದ. ಕಮಾನಿನ ಕತ್ತಲಲ್ಲಿ ಮುಖ ಇಲ್ಲದ್ದು ಯಾರಿಗೂ ಕಾಣಲಿಲ್ಲ. ನಾನು ಅದೇ ಕೋಟು, ಅದೇ ಪೇಟದಲ್ಲಿ ಎಷ್ಟು ವರ್ಷ ಮಧುಗಿರಿಯ ಪೇಟೆಬೀದಿಯಲ್ಲಿ ಓಡಾಡಿದ್ದೇನೆ. ಒಬ್ಬರೂ ಚಪ್ಪಲಿ ಬಿಟ್ಟವರಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಯೋಚಿಸಿದರೆ, ಅದರೊಳಗೆ ನಾನಿರಲಿಲ್ಲ ಎಂಬುದೊಂದೇ ಕಾಣುತ್ತದೆ. ಮುದುಕಿ ನನ್ನ ಟವಲು, ಧೂಳು ಮೆತ್ತಿದ ಕಾಲು ನೋಡಿ, ನೀನು ಆ ದೊರೆಯ ಆಳೇನಪ್ಪ ಎಂದು ಕರುಣೆಯಿಂದ ಕೇಳಿದಳು. ಹೌದು ಅಂದೆ. ಅದು ಸುಳ್ಳೂ ಆಗಿರಲಿಲ್ಲ. ದೊರೆಯ ಮರ್ಯಾದೆಗೆಂದು ಇನ್ನೊಂದು ಬೊಗಸೆ ಕಡಲೆಕಾಯಿ ಮಡಿಲಿಗೆ ಹಾಕಿದಳು.

ಅವಳು ಇನ್ನೊಂದು ಸಂಗತಿಯನ್ನೂ ಹೇಳಿದಳು. ಗಾಡಿಯವನು ಕಂಡಕಂಡವರನ್ನೆಲ್ಲ, ಒಬ್ಬ ಬಡಕಲು ಮೇಷ್ಟ್ರು ನಡೆದುಕೊಂಡು ಹೋದರಾ ಎಂದು ಕೇಳುತ್ತಿದ್ದನಂತೆ. ಯಾರೋ, ಹೌದು, ಒಬ್ಬ ಬಡಕಲು ಮೇಷ್ಟ್ರು ಮಡಕಶಿರಾ ದಾರಿ ಹಿಡಿದು ಹೋದರು ಅಂದರಂತೆ. ಬಡಕಲು ಮೇಷ್ಟ್ರುಗಳಿಗೆ ಯಾವ ರಾಜ್ಯದಲ್ಲೂ ಬರವಿಲ್ಲ. ಇಮಾಂ ಸಾಬಿ ಆ ಮೇಷ್ಟ್ರನ್ನು ಹಿಡಿಯಲು ಮಡಕಶಿರಾ ದಾರಿಗೆ ಗಾಡಿ ತಿರುಗಿಸಿದನಂತೆ. ನೀನು ನೇರವಾಗಿ ಪಾವಗಡಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿ ಏನು ಮಾಡಲಿ? ಮಡಿಲಕ್ಕಿ ಇಲ್ಲದೆ, ಬರಿಗೈಯಲ್ಲಿ, ಟವಲು ಸುತ್ತಿಕೊಂಡು ಪಾರ್ವತಮ್ಮನವರ ಮುಂದೆ ನಿಲ್ಲುವ ಧೈರ್ಯ ಎಲ್ಲಿಂದ ತರಲಿ? ನಾನೂ ಮಡಕಶಿರಾ ದಾರಿ ಹಿಡಿದೆ.

ಆ ದಾರಿಯಲ್ಲಿ ಹೋದಲ್ಲೆಲ್ಲ ದೊರೆಯ ಸುದ್ದಿ. ಒಂದು ಊರಿನಲ್ಲಿ ಅವರಿಗೆ ಎಳನೀರು ಕೆತ್ತಿ ಕೊಟ್ಟರಂತೆ, ದೊರೆ ಮುಟ್ಟಲಿಲ್ಲವಂತೆ, ಗಾಡಿಯವನೇ ಕುಡಿದನಂತೆ. ಇನ್ನೊಂದು ಊರಿನಲ್ಲಿ ಒಬ್ಬ ರೈತ ಗಾಡಿಯ ಮುಂದೆ ನಿಂತು ತನ್ನ ಹೊಲದ ಬದುವಿನ ತಕರಾರು ಹೇಳಿಕೊಂಡನಂತೆ. "ಕೊನೇವರೆಗೂ ಕೇಳಿಸ್ಕಂಡ್ರು ಸ್ವಾಮಿ, ನಡುವೆ ಬಾಯಿ ಹಾಕ್ಲಿಲ್ಲ. ಇಂಥ ಅಧಿಕಾರಿ ನಾನು ನೋಡೇ ಇಲ್ಲ" ಎಂದು ಆ ರೈತ ನನ್ನ ಮುಂದೆಯೇ ಹೇಳಿದ. ಹೊಟ್ಟೆ ಉರಿಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ತಿಳಿದದ್ದೇನೆಂದರೆ, ಇಮಾಂ ಸಾಬಿ ಆ ಮೇಷ್ಟ್ರನ್ನು ಹಿಡಿದು, ಅದು ನಾನಲ್ಲ ಎಂದು ನೋಡಿ, ಅವರ ಹತ್ತಿರ ಬೈಸಿಕೊಂಡು, ಒಳದಾರಿಯಲ್ಲಿ ಪಾವಗಡದ ಕಡೆ ಹೊರಟುಹೋಗಿದ್ದ. ಒಳದಾರಿ ಗೊತ್ತಿಲ್ಲದ ನಾನು ಬಂದ ದಾರಿಯನ್ನೇ ಹಿಡಿದು ವಾಪಸು ನಡೆದೆ. ನಡೆದೆ, ನಡೆದೆ, ಹೊತ್ತು ನನಗಿಂತ ಬೇಗ ನಡೆಯಿತು. ಪಾವಗಡದ ಬೆಟ್ಟ ಇನ್ನೂ ದೂರದಲ್ಲಿ ನೀಲಿಯಾಗಿ ಕಾಣುತ್ತಿರುವಾಗಲೇ ಶನಿವಾರದ ಸೂರ್ಯ ಮುಳುಗಿದ. ದಾರಿಯ ಕಲ್ಲಿನ ಮೇಲೆ ಕೂತು, ಮಡಿಲಲ್ಲಿದ್ದ ಕಡಲೆಕಾಯಿ ಸುಲಿಯುತ್ತ, ಸುಲಿದದ್ದನ್ನು ತಿನ್ನಲಾಗದೆ, ನಾಚಿಕೆಯಿಲ್ಲದೆ ಅತ್ತೆ. ಇಷ್ಟು ವರ್ಷ ನಾನು ತಂಗಿಗೆ ಮಾಡಿದ್ದು ಏನೂ ಇಲ್ಲ. ಅವಳು ಕೇಳಿದ್ದು ಇದೊಂದೇ.

ಒಬ್ಬ ಕುರುಬರ ಯಜಮಾನ ತನ್ನ ಹಟ್ಟಿಯಲ್ಲಿ ಮಲಗಲು ಕಂಬಳಿ ಕೊಟ್ಟ. ಭಾನುವಾರ ನಸುಕಿನಲ್ಲೇ ಎದ್ದು, ಬೈಸಿಕೊಳ್ಳುವುದಾದರೂ ಬೇಗ ಬೈಸಿಕೊಳ್ಳೋಣ ಎಂದು ಹೊರಟೆ. ಬೆಟ್ಟದ ತಪ್ಪಲಿನಲ್ಲಿ ಹಳ್ಳದ ಪಕ್ಕ ಈಚಲ ಮೆಳೆ. ಹಣ್ಣಿನ ಕಾಲ. ಮೆಳೆಯಲ್ಲಿ ಯಾರೋ ಕರಿಕಂಬಳಿ ಹೊದ್ದು ಬಗ್ಗಿ ಹಣ್ಣು ಆರಿಸುತ್ತಿದ್ದರು. ದಾರಿ ಕೇಳೋಣವೆಂದು, "ಯಜಮಾನರೇ" ಎಂದು ಕರೆದೆ. ಯಜಮಾನರು ತಿರುಗಿದರು. ಕರಡಿ.

ಕರಡಿ ಕಂಡರೆ ಓಡಬಾರದು ಅನ್ನುತ್ತಾರೆ. ನಾನು ಓಡಲಿಲ್ಲ, ಧೈರ್ಯದಿಂದಲ್ಲ, ಕಾಲು ಕೇಳಲಿಲ್ಲ. ಅದು ಮೂತಿ ಎತ್ತಿ ಗಾಳಿ ಮೂಸಿತು. ನನ್ನ ಟವಲು ನೋಡಿತು. ನನ್ನ ಮಡಿಲಿನಿಂದ ಕಡಲೆಕಾಯಿ ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ಆಮೇಲೆ ಅದು, ಇವನಿಂದ ಏನೂ ಆಗಬೇಕಾದ್ದಿಲ್ಲ ಎಂದು ತೀರ್ಮಾನಿಸಿದ ಗುಮಾಸ್ತನ ಹಾಗೆ ಬೆನ್ನು ತಿರುಗಿಸಿ ಮತ್ತೆ ಹಣ್ಣು ತಿನ್ನತೊಡಗಿತು. ನನ್ನ ಜೀವಮಾನದಲ್ಲಿ ಯಾರಾದರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದಕ್ಕೆ ಅಷ್ಟು ಸಂತೋಷ ಎಂದೂ ಆಗಿಲ್ಲ. ಹಿಂದಕ್ಕೆ ಹಿಂದಕ್ಕೆ ನಡೆದು, ಬಂಡೆಯ ಮರೆಗೆ ಬಂದ ಮೇಲೆ ಪಾವಗಡದ ಕೋಟೆ ಬಾಗಿಲಿನವರೆಗೆ ನಿಲ್ಲಲಿಲ್ಲ.

ಪಾರ್ವತಮ್ಮನವರು ಬಾಗಿಲಿಗೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ ಚೆಂಬು ಕೆಳಗಿಟ್ಟರು. "ಏಮಪ್ಪಾ ಮೇಷ್ಟ್ರೇ, ಈಗ ಬಂದ್ಯಾ?" ಅಂದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕ್ಷಮಾಪಣೆಯೆಲ್ಲ ಕರಡಿಯ ಹತ್ತಿರವೇ ಉಳಿದುಹೋಗಿತ್ತು. "ನಾಗು ಎಲ್ಲಮ್ಮ?" ಎಂದಷ್ಟೇ ಕೇಳಿದೆ.

"ನಾಗು ಇಲ್ವಲ್ಲಪ್ಪ. ಅವಳು ನಿನ್ನೆಯೇ ಹೊರಟಳು."

ಜಗಲಿಯ ಕಂಬ ಹಿಡಿದುಕೊಂಡೆ. ನಿನ್ನೆಯೇ ಹೊರಟಳು? ತುಂಬು ಬಸುರಿ, ಯಾರ ಜೊತೆ, ಯಾವ ದಾರಿಯಲ್ಲಿ? ಆ ದಾರಿಯಲ್ಲಿ ಕರಡಿ ಇದೆ, ನಾನೇ ನೋಡಿ ಬಂದಿದ್ದೇನೆ. ಆಗ ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕ ಸದ್ದು. ಅಡುಗೆಮನೆಯ ಬಾಗಿಲಲ್ಲಿ ನನ್ನ ತಂಗಿ, ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ಬಾಯಿ ತುಂಬ ಹುಣಿಸೆ ಚಿಗಳಿ ಇಟ್ಟುಕೊಂಡು ನಿಂತಿದ್ದಳು.

"ಹೊರಟವಳ ಜೊತೆ ಮಾತಾಡ್ಬೇಡ ಕಣಣ್ಣ, ಅತ್ತೆ ಬೈತಾರೆ" ಅಂದಳು.

ನಡೆದದ್ದು ಇಷ್ಟು. ಶನಿವಾರ ಮಧ್ಯಾಹ್ನ ಇಮಾಂ ಸಾಬಿ ಗಂಟು ತಂದು ಜಗಲಿಯ ಮೇಲಿಟ್ಟು, ಮೇಷ್ಟ್ರು ಬುಧವಾರವೇ ಹೊರಟವರು ದಾರಿಯಲ್ಲೆಲ್ಲೂ ಇಲ್ಲ, ಕರಡಿ ಗಿರಡಿ ಏನಾದರೂ ಆಯಿತೋ ಏನೋ ಎಂದು ಕಣ್ಣಲ್ಲಿ ನೀರು ಹಾಕಿದ್ದಾನೆ. ಪಾರ್ವತಮ್ಮನವರು ಜಮಖಾನ ನೋಡಿದ್ದಾರೆ, ಮೈಗೆ ಹತ್ತಿದ ಕೋಟು ನೋಡಿದ್ದಾರೆ, ಒಂದೇ ನೋಟಕ್ಕೆ ತಿಳಿದಿದ್ದಾರೆ. "ಇದು ಪರಸ್ಥಾನದ ಗಂಟು ಕಣಯ್ಯ, ನಿಮ್ಮ ಮೇಷ್ಟ್ರು ಮನೇಲಿ ಉಣ್ತಾ ಕೂತಿರ್ತಾನೆ" ಅಂದಿದ್ದಾರೆ. ಆಮೇಲೆ ಕೂತು ಯೋಚಿಸಿದ್ದಾರೆ. ಒಳ್ಳೆಯ ಹೊತ್ತಿನಲ್ಲಿ ಹೊರಟ ಗಂಟು ಏಳನೇ ತಿಂಗಳು ಮುಗಿಯುವುದರೊಳಗೆ ಬಂದು ಸೇರಿದೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ ಎಂದ ಮೇಲೆ, ಗಂಟು ಬಂದರೆ ಮನುಷ್ಯ ಬಂದ ಹಾಗಲ್ಲವೇ? ಗಂಟನ್ನು ಮಣೆಯ ಮೇಲೆ ಕೂರಿಸಿ, ಅದರಲ್ಲಿದ್ದ ಮಡಿಲಕ್ಕಿಯಿಂದಲೇ ನಾಗುವಿನ ಮಡಿಲು ತುಂಬಿ, ಹೊತ್ತು ಮುಳುಗುವ ಮೊದಲೇ ಅವಳದೂ ಒಂದು ಗಂಟು ಕಟ್ಟಿ ದಕ್ಷಿಣ ದಿಕ್ಕಿನ ಗೌಡರ ಮನೆಯಲ್ಲಿ ಪರಸ್ಥಾನ ಇಟ್ಟುಬಿಟ್ಟಿದ್ದರು. ನಾಗು ಏಳನೇ ತಿಂಗಳಲ್ಲೇ ಹೊರಟಾಗಿತ್ತು. ಇನ್ನು ಯಾವ ಪಂಚಾಂಗವೂ ಅವಳನ್ನು ತಡೆಯುವಂತಿರಲಿಲ್ಲ.

"ನನಗೆ ಸೊಸೆಯನ್ನ ಇಟ್ಕೊಳ್ಳೋ ಹಟ ಏನಿಲ್ಲಪ್ಪ. ಹೆಣ್ಣುಮಗಳಿಗೆ ಮೊದಲನೇದು ಅವ್ವನ ಹತ್ರವೇ ಆಗ್ಬೇಕು. ಶಾಸ್ತ್ರ ಬಿಟ್ಟು ಕಳಿಸೋಕೆ ಭಯ, ಅಷ್ಟೇ" ಎಂದು ಪಾರ್ವತಮ್ಮನವರು ಮುಖ ತಿರುಗಿಸಿಕೊಂಡು ಹೇಳಿದರು. ನಾನು ಜಗಲಿಯ ಮೇಲೆಯೇ ಕೂತುಬಿಟ್ಟೆ. ನಾಗು ಪಕ್ಕದಲ್ಲಿ ಬಂದು ಕೂತು, "ಮಡಿಲು ತುಂಬಿದ ಮೇಲೆ ಅಣ್ಣನ ಕಾಲಿಗೆ ನಮಸ್ಕಾರ ಮಾಡು ಅಂದ್ರು. ಕಾಲು ಎಲ್ಲಿ ಅಂತ ಗಂಟಿನ ಸುತ್ತ ಹುಡುಕಿದೆ ಕಣಣ್ಣ" ಎಂದು ಬಳೆ ಸದ್ದಾಗುವಂತೆ ನಕ್ಕಳು. ಅಷ್ಟರಲ್ಲಿ ಇಮಾಂ ಸಾಬಿ ಎತ್ತಿಗೆ ನೀರು ಕುಡಿಸಿಕೊಂಡು ಬಂದವನು ನನ್ನನ್ನು ಕಂಡು ಹಗ್ಗ ಬಿಟ್ಟು ಓಡಿಬಂದ. ಅಪ್ಪಿಕೊಳ್ಳುತ್ತಾನೆ ಅಂದುಕೊಂಡೆ. "ಏನ್ ಮೇಷ್ಟ್ರೆ, ಕುಂಪಣಿ ಸೀಮೆ ಪೂರಾ ನಿಮ್ಮನ್ನ ಹುಡುಕ್‌ಬುಟ್ಟೆ. ಸುಳ್ಳು ಹೇಳೋರಲ್ಲ ನಿಮ್ಮವ್ವ, ಅವ್ರೇ ಹೊರಟ ಅಂದ್ರಲ್ಲ, ಹೆಂಗೆ ನಂಬ್ದೆ ಇರ್ಲಿ?" ಎಂದು ಎದೆಗೆ ಗುದ್ದಿದ. ಆಮೇಲೆ ಅಪ್ಪಿಕೊಂಡ.

ಆ ವರ್ಷ ಶ್ರಾವಣದಲ್ಲಿ ನಮ್ಮ ಮನೆಯ ಒಳಕೋಣೆಯಲ್ಲಿ, ಅವ್ವನ ಕೈಯಲ್ಲಿ, ನಾಗುವಿಗೆ ಹೆಣ್ಣು ಮಗುವಾಯಿತು. ಇಬ್ಬರೂ ಕ್ಷೇಮ. ಅವ್ವ ಇವತ್ತಿಗೂ ಇದೆಲ್ಲ ಬುಧವಾರದ ಹೊತ್ತಿನ ಮಹಿಮೆ ಅನ್ನುತ್ತಾಳೆ. ನಾನು ಎದುರಾಡುವುದಿಲ್ಲ. ಆದರೆ ವಾಪಸು ಬರುವಾಗ ನಡೆದದ್ದನ್ನು ಹೇಳದೆ ಮುಗಿಸಿದರೆ ನನ್ನ ವಿದೇಶ ಪ್ರವಾಸ ಪೂರ್ತಿಯಾಗುವುದಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ನಾಗು ಮೆತ್ತಗೆ ಹುಲ್ಲಿನ ಮೇಲೆ, ಪಕ್ಕದಲ್ಲಿ ನಾನು, ಈ ಸಲ ಕೋಟು ತೊಟ್ಟು, ಗುಂಡಿ ಹಾಕಿ, ಪೇಟ ಇಟ್ಟು, ನೆಟ್ಟಗೆ ಕೂತಿದ್ದೆ. ಮಾತೂ ಆಡಲಿಲ್ಲ, ದೊರೆಯ ಹಾಗೆ ಗಂಭೀರವಾಗಿದ್ದೆ. ದಾರಿಯಲ್ಲಿ ಒಬ್ಬರೂ ಚಪ್ಪಲಿ ಬಿಡಲಿಲ್ಲ. ಗರಿಯ ಚಪ್ಪರದ ಹತ್ತಿರ ನಾಗು ಮಜ್ಜಿಗೆ ಬೇಕೆಂದಳು, ಗಾಡಿ ನಿಲ್ಲಿಸಿದೆವು. ಮುದುಕಿ ಕಮಾನಿನೊಳಗೆ ಬಗ್ಗಿ ಕೋಟು ನೋಡಿದಳು, ಪೇಟ ನೋಡಿದಳು, ಆಮೇಲೆ ಅವೆರಡರ ನಡುವೆ ನನ್ನ ಮುಖ ನೋಡಿದಳು. ಗುರುತು ಹತ್ತಿತು. ದೊರೆಯ ಬಟ್ಟೆ ತೊಟ್ಟುಕೊಂಡು ಕೂತಿದ್ದೀಯಲ್ಲ, ಅವರಿಗೆ ಗೊತ್ತಾದರೆ ಬಿಡುತ್ತಾರಾ ಎಂದು ತೆಲುಗಿನಲ್ಲಿ ಗದರಿದಳು. ಆಮೇಲೆ ಗಾಡಿಯ ಮೂಲೆಮೂಲೆ ಹುಡುಕಿ, ಅವರು ಎಲ್ಲಿ, ಆ ದೊಡ್ಡ ಮನುಷ್ಯರು ಎಲ್ಲಿ ಎಂದು ಕೇಳಿದಳು.

ನಾಗು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಮಾಂ ಸಾಬಿ ಎತ್ತಿನ ಕಡೆ ತಿರುಗಿದ. ನಾನು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು, ಅವರು ಬುಧವಾರವೇ ಹೊರಟರು ಅಜ್ಜಿ ಅಂದೆ.